ವಾರಕ್ಕೊಂದು ಮಾತ್ರೆ

...ಅಲ್ಲಾಡ್ಬೇಡಿ ಡಾಕ್ಟ್ರೇ, ಕತ್ತಿ ಗಂಟಲ ಹತ್ರ ಇದೆ! ನಿಮ್ಮ ಆಸ್ಪತ್ರೇಲಿ ನೀವು ಹೇಳಿದ್ದು ನಾನು ಕೇಳ್ತೀನಿ. ಇದು ನನ್ನ ಅಂಗಡಿ, ಇಲ್ಲಿ ನಾನು ಹೇಳಿದ್ದು ನೀವು ಕೇಳಿ. ಹಾಂ... ಕೆನ್ನೆ ಉಬ್ಬಿಸಿ.

ಎಲ್ಲಿದ್ದೆ? ಕಾಲು! ಕಾಲು ಬೊಂಬಾಟಾಗಿದೆ ಡಾಕ್ಟ್ರೇ. "ಇದು ಸಂಧಿವಾತ, ಪೂರ್ತಿ ವಾಸಿ ಆಗಲ್ಲ, ಹತೋಟೀಲಿ ಇಟ್ಕೋಬಹುದು" ಅಂದ್ರಲ್ಲ? ಇಟ್ಕೊಂಡಿದೀನಿ. ಎಂಥಾ ಹತೋಟಿ ಅಂತೀರಿ, ನಮ್ಮನೆಯವಳು ನನ್ನನ್ನ ಇಟ್ಟಿರೋ ಹಾಗೆ! ಬಿಸಿನೀರಲ್ಲಿ ಕಾಲು ಇಳಿಬಿಡೋದು, ಪಾದ ಮಡಚಿ ಬಿಚ್ಚೋದು, ಎಲ್ಲಾ ಮಾಡ್ತೀನಿ. ಮೊದಲು ಬೆಳಗ್ಗೆ ಎದ್ರೆ ಎರಡೂ ಕಾಲು ಮರದ ಕೊರಡು. ಈಗ? ಜಿಂಕೆ, ಜಿಂಕೆ! ...ನಗಬೇಡಿ, ನೊರೆ ಬಾಯಿಗೆ ಹೋಗುತ್ತೆ.

ಹುಬ್ಬು ಯಾಕೆ ಎತ್ತಿದ್ರಿ? ಮಾತ್ರೆನಾ? ವಾರಕ್ಕೊಂದ್ಸಲ ನುಂಗೋದು, ಅದನ್ನೂ ತಪ್ಪಿಸ್ತೀನಾ! ಛೆ ಛೆ. ಮಾರನೇ ದಿನ ಸ್ವಲ್ಪ ಹೊಟ್ಟೆ ತೊಳಸುತ್ತೆ, ಅಷ್ಟೇ. ಒಂದ್ಸಲ ನಮ್ಮ ಮೇಷ್ಟ್ರಿಗೆ ಕಟಿಂಗ್ ಮಾಡ್ತಿದ್ದೆ. ಪೌಡರ್ ವಾಸನೆ ಮೂಗಿಗೆ ಬಡೀತು ನೋಡಿ... ಎದ್ದೆನೋ ಬಿದ್ದೆನೋ ಅಂತ ಮೋರಿ ಹತ್ರ ಓಡಿದೆ. ವಾಪಸ್ ಬರೋಷ್ಟರಲ್ಲಿ ಮೇಷ್ಟ್ರು ಅರ್ಧ ತಲೆ ಹೊತ್ಕೊಂಡು ಎದುರಂಗಡಿಗೆ ಹೋಗಿದ್ರು. "ನನ್ನ ತಲೆ ನೋಡಿದ್ರೆ ಅವನಿಗೆ ವಾಂತಿ ಬರುತ್ತಂತೆ" ಅಂತ ಬೀದಿಯೆಲ್ಲ ಸಾರಿದ್ರು!

ಗಟ್ಟಿ ಹಿಡ್ಕೊಳ್ಳಿ, ತಿರುಗಿಸ್ತೀನಿ. ಹೌದು, ಮೊದಲು ನಾನು ಕುರ್ಚಿ ಸುತ್ತ ಸುತ್ತುತಿದ್ದೆ. ಈಗ ಕುರ್ಚೀನೇ ಸುತ್ತಿಸ್ತೀನಿ. ಹೊಸ ಫ್ಯಾಶನ್ನು! ಗಿರಾಕಿಗೂ ನಾಲ್ಕೂ ಗೋಡೆ ನೋಡಿದ ಹಾಗಾಯ್ತು.

ಆಯ್ತು, ಏಳಿ. ಮುಖ ನೋಡ್ಕೊಳ್ಳಿ... ಕನ್ನಡಿ ಅಲ್ಲಿದೆ ಡಾಕ್ಟ್ರೇ, ನನ್ನ ಕಾಲಲ್ಲಿ ಏನು ನೋಡ್ತೀರಿ? ಚಪ್ಪಲೀನಾ? ಅದು ಮಗನದು. ಸೈಜು ದೊಡ್ಡದು... ಗಾಳಿ ಆಡ್ಲಿ ಅಂತ. ಅಯ್ಯಯ್ಯೋ, ನೆಲದ ಮೇಲೆ ಯಾಕೆ ಕೂತ್ರಿ! ಪ್ಯಾಂಟಿಗೆಲ್ಲ ಕೂದಲು ಹತ್ತುತ್ತೆ! ಬೇಡ, ನೀವು ನನ್ನ ಕಾಲು ಮುಟ್ಟೋದಾ? ಬೇಡ ಡಾಕ್ಟ್ರೇ... ಅಮ್ಮಾ!

...ನೋವಲ್ಲ. ಕಚಗುಳಿ.

ಹೂಂ, ಊದಿದೆ. ಮತ್ತೆ ಒತ್ತಬೇಡಿ...

ಬಿಟ್ಬಿಟ್ಟೆ ಡಾಕ್ಟ್ರೇ. ಮೇಷ್ಟ್ರು ಎದ್ದುಹೋದ ದಿನದಿಂದ ಆ ಮಾತ್ರೆ ಮುಟ್ಟಿಲ್ಲ. ಹೊಟ್ಟೆ ತೊಳಸುತ್ತೆ ಅಂದ್ರೆ ಗಿರಾಕಿ ಹೋಗ್ತಾರೆ, ಕಾಲು ನೋಯುತ್ತೆ ಅಂದ್ರೆ ನಿಂತು ಮಾಡೋ ಕೆಲಸಾನೇ ಬಿಡು ಅಂತೀರಿ ನೀವು. ಎಲ್ಲಿಗೆ ಹೋಗ್ಲಿ? ಈ ಕೈಗೆ ಬೇರೇನೂ ಬರಲ್ಲ... ಬೈಯಿರಿ, ಎಷ್ಟು ಬೇಕಾದ್ರೂ ಬೈಯಿರಿ. ಬೇರೆ ಮಾತ್ರೆ ಕೊಡಿ, ಸೂಜಿ ಚುಚ್ಚಿ, ಕಣ್ಮುಚ್ಕೊಂಡು ತಗೋತೀನಿ. ಅಂಗಡಿ ಬಾಗಿಲು ಹಾಕು ಅಂತ ಮಾತ್ರ ಹೇಳ್ಬೇಡಿ.