ಹಿಂದಿನ ಫ್ಯಾನು

...ಸ್ಕ್ರೂಡ್ರೈವರ್ ಆಮೇಲೆ ತೆಗಿಯಮ್ಮ, ಮೊದ್ಲು ಉತ್ತರ ಹೇಳು! ಈ ಕಂಪ್ಯೂಟರ್ ಜೋಡಿಸ್ಕೊಟ್ಟೋಳು ನೀನೇ ತಾನೇ? ಮೂರೇ ತಿಂಗಳು! ಬಿಸಿಗೆ ಕಾದು ಕಾದು ಹಾರ್ಡ್ ಡಿಸ್ಕ್ ಸತ್ತು ಕೂತಿದೆ. ಗೌನಿಪಲ್ಲಿ ಅಶ್ವತ್ಥಪ್ಪನೋರ ಮಗಳ ಮದುವೆ, ಆರ್ನೂರು ಫೋಟೋ, ಎಲ್ಲಾ ಅದರೊಳಗೇ ಹೋಯ್ತು. ಇನ್ನೊಂದ್ಸಲ ಧಾರೆ ಎರೆಸ್ಲಾ ನಾನು? ನಾಳೆ ಅವರು ಸ್ಟುಡಿಯೋ ಬಾಗ್ಲಿಗೆ ಬಂದ್ರೆ ಯಾರ ಮುಖ ತೋರಿಸ್ಲಿ? ನಿಂದಾ, ನಂದಾ?

ಯಾಕ್ ನಗ್ತೀಯ? ನಗ್ಲಿಲ್ವಾ? ಸರಿ ಬಿಡು, ನಿನ್ನ ಮುಖಾನೇ ಹಂಗಿರ್ಬೇಕು.

ಅವತ್ತೇನಂದೆ ನಾನು? ‘ಚಂದ್ರಕಲಾ, ಒಂದ್ ಸಣ್ಣ ಫ್ಯಾನ್ ಹಾಕು, ಸಾಕು’ ಅಂದೆ. ನೀನು ದೊಡ್ಡ ಮೇಡಂ! ‘ಇಲ್ಲ ಸಾರ್, ಸಣ್ಣದು ಜೋರಾಗಿ ತಿರುಗಿ ಕಿರುಚತ್ತೆ. ದೊಡ್ಡದು ನಿಧಾನಕ್ಕೆ ತಿರುಗಿದ್ರೂ ಗಾಳಿ ಜಾಸ್ತಿ. ಎರಡು ಬೇಕು. ಮುಂದಿಂದು ತಣ್ಣನೆ ಗಾಳಿ ಒಳಗೆ ಎಳ್ಕೊಳತ್ತೆ, ಹಿಂದಿಂದು ಬಿಸಿ ಗಾಳಿ ಆಚೆ ತಳ್ಳತ್ತೆ...’ ಪಾಠ! ಮೂವತ್ತು ವರ್ಷದಿಂದ ಶ್ರೀನಿವಾಸಪುರದಲ್ಲಿ ಸ್ಟುಡಿಯೋ ಇಟ್ಟಿರೋ ರಾಮಚಂದ್ರಂಗೆ ಗಾಳಿ ಪಾಠ! ಎಲ್ಲೋಯ್ತಮ್ಮ ನಿನ್ನ ಗಾಳಿ?

ಧೂಳು, ಕರೆಂಟು, ಬಿಸ್ಲು ಅಂತೆಲ್ಲ ಶುರು ಮಾಡ್ಬೇಡ. ಕುಣೀಲಾರದೋಳು ನೆಲ ಡೊಂಕು ಅಂದ್ಲಂತೆ. ತಪ್ಪು ನಂದು ಅಂತ ಒಪ್ಕೋ, ಬಿಟ್ಬಿಡ್ತೀನಿ. ಇಲ್ಲಾಂದ್ರೆ ಮುಳಬಾಗಿಲಿಗೆ ಫೋನ್ ಹೋಗತ್ತೆ. ಅಲ್ಲಿ ಸ್ಕೂಲ್ ನಡ್ಸೋ ಕೋದಂಡರಾಮಪ್ಪನೋರು ನಿಂಗೆ ಹತ್ತು ಕಂಪ್ಯೂಟರ್ ಜೋಡ್ಸೋ ಕೆಲಸ ಕೊಟ್ಟವ್ರಂತಲ್ಲ? ನಿನ್ನ ಮೊದಲ್ನೇ ದೊಡ್ಡ ಕೆಲಸ! ನಂದೊಂದ್ ಮಾತು ಸಾಕು, ಕ್ಯಾನ್ಸಲ್!

ಏಮಮ್ಮಾ, ಕಂಪ್ಯೂಟರ್ ಯಾಕೆ ಆನ್ ಮಾಡ್ದೆ? ಪೇಪರ್ ಚೂರು ಯಾಕೆ ಹಿಂದಿನ ಫ್ಯಾನಿಗೆ ಹಿಡೀತೀಯ? ಅಂಟ್ಕೊಳ್ತು... ಅಂಟ್ಕೊಂಡ್ರೆ ಏನೀಗ? ಒಳಕ್ಕೆ ಎಳೀತಿದೆ, ಸರಿ. ನೀನೇ ಹಿಂದು ಮುಂದು ಹಾಕಿರ್ತೀಯ!

ಸ್ಕ್ರೂ ಯಾಕೆ ತೋರಿಸ್ತೀಯ? ತಲೆ ಕಿತ್ತೋಗಿದ್ರೆ ನನ್ನೇನ್ ಕೇಳ್ತೀಯ? ಆ ಗೋಡೆ ಕಡೆ ಯಾಕ್ ನೋಡ್ತೀಯ? ನನ್ನ ಹೆಂಡ್ತಿ ಶಾಮಲಮ್ಮನ ಫೋಟೋ ಅದು. ಮುಂದೆ ಇಟ್ಟಿರೋದು ದೀಪ. ವರ್ಷ ತುಂಬೋವರ್ಗೂ ಆರಬಾರ್ದು ಅಂತ ಹಚ್ಚಿದ್ದು. ಅದಕ್ಕೂ ಇದಕ್ಕೂ ಏನ್ ಸಂಬಂಧ?

ಹಂಗ್ ನೋಡ್ಬೇಡ... ನೋಡ್ಬೇಡ ಅಂದ್ನಲ್ಲ!

ಆರೋಗ್ತಿತ್ತು ಕಣಮ್ಮ! ನಿನ್ನ ಹಿಂದಿನ ಫ್ಯಾನು ನೆಟ್ಟಗೆ ಅದಕ್ಕೇ ಊದ್ತಿತ್ತು. ಹಚ್ಚೋದು, ಆರೋದು, ಹಚ್ಚೋದು, ಆರೋದು... ಕಂಪ್ಯೂಟರ್ ಸರಿಸೋಣ ಅಂದ್ರೆ ಪ್ಲಗ್ ಇರೋದೇ ಇಲ್ಲಿ. ದೀಪ ಎತ್ತಿಡೋಕೆ ಮನಸ್ಸು ಬರ್ಲಿಲ್ಲ, ಅವಳು ಯಾವಾಗ್ಲೂ ಕೂರ್ತಿದ್ದ ಜಾಗ ಅದು. ನಾಕ್ ಸ್ಕ್ರೂ ಬಿಚ್ಚಿ ಫ್ಯಾನ್ ತಿರುಗಿಸಿ ಹಾಕ್ದೆ. ಎರಡೂ ಒಳಕ್ಕೇ ಊದಿದ್ರೆ ಇನ್ನೂ ತಣ್ಣಗಿರತ್ತೆ ಅಂದ್ಕೊಂಡೆ! ಬಿಸಿಗೂ ಒಂದ್ ಬಾಗಿಲು ಬೇಕು ಅಂತ ನಾನೇನ್ ಕಂಡೆ?

ಆದ್ರೂ ತಪ್ಪು ನಿಂದೇ! ತಿರುಗಿಸ್ಬಾರ್ದು ಅಂತ ಹೇಳ್ಬೇಕಿತ್ತು ನೀನು. ಕೋದಂಡರಾಮಪ್ಪನೋರೂ ಅದನ್ನೇ ಅಂದ್ರು, ‘ಆ ಹುಡುಗಿ ಕೈಲಿ ಯಾಕ್ರೀ ಮಾಡಿಸಿದ್ರಿ, ನಾವು ಕೋಲಾರದೋರಿಗೇ ಕೊಡ್ತೀವಿ’ ಅಂತ...

ಅದು... ಸುಮ್ನೆ ಬಾಯಿಗ್ ಬಂತು. ಸ್ಕ್ರೂಡ್ರೈವರ್ ಯಾಕ್ ಕೆಳಗಿಟ್ಟೆ?  ಬಯ್ಯಿ, ಪರ್ವಾಗಿಲ್ಲ.

ಬೆಳಿಗ್ಗೆನೇ ಫೋನ್ ಮಾಡ್ಬಿಟ್ಟಿದ್ದೆ. ನೀನು ಬಸ್ಸಿಳಿಯೋಕ್ ಮುಂಚೆನೇ.

ಏನಿದು, ನಿನ್ನ ಮೊಬೈಲ್ ನನ್ನ ಕೈಗ್ಯಾಕೆ? ಯಾರಿಗ್ ಮಾಡ್ದೆ? ರಿಂಗಾಗ್ತಿದೆ... ಸರಿ, ಸರಿ, ಹೇಳ್ತೀನಿ. ಇದ್ದಿದ್ ಇದ್ದಂಗೇ ಹೇಳ್ಬಿಡ್ತೀನಿ. ಶಾಮಲಮ್ಮನ ಆಣೆಗೂ... ಹಲೋ! ಕೋದಂಡರಾಮಪ್ಪನೋರಾ? ನಮಸ್ಕಾರ ಸಾರ್, ನಾನು, ಸ್ಟುಡಿಯೋ ರಾಮಚಂದ್ರ. ಅದೇ ಸಾರ್, ಬೆಳಿಗ್ಗೆ ಆ ಹುಡುಗಿ ವಿಷ್ಯ... ಇಲ್ಲ ಇಲ್ಲ, ಏನಿಲ್ಲ ಸಾರ್... ಸುಮ್ನೆ ಮಾಡ್ದೆ. ಊಟ ಆಯ್ತಾ ಸಾರ್?