ಅವಳು ಬಿಟ್ಟ ಮೀನು

…ಅಲ್ಲ ಅತ್ತಿಗೆ, ನಾನೇನು ತರಬೇಡಿ ಅಂದ್ನಾ? ತಂದಿದ್ದೀರಿ, ಸಂತೋಷ. ಕ್ಯಾರಿಯರ್ ಅಲ್ಲೇ ಬಾಗಿಲ ಹತ್ರ ಇರ್ಲಿ ಅಂದೆ, ಅಷ್ಟೇ. ಫೋಟೋ ಮುಂದೆ ಬೇಡ. ನಿಮ್ಮ ತಂಗಿ ಹೋಗಿ ಇವತ್ತಿಗೆ ವರ್ಷ. ಅವಳಿಗೆ ಇಷ್ಟವಾದದ್ದನ್ನೇ ಎಡೆ ಇಡ್ಬೇಕು, ಒಪ್ಪಿದೆ. ಆದ್ರೆ ಮೀನು ಸಾರು… ಒಂಬತ್ತು ವರ್ಷ ತುಟಿಗೆ ಸೋಕಿಸದೆ ಇದ್ದವಳ ಮುಂದೆ ಅದನ್ನ ಹೇಗೆ ಇಡೋದು, ನೀವೇ ಹೇಳಿ.

ಕೂತ್ಕೊಳ್ಳಿ. ಹೊಸ್ತಿಲ ಹತ್ರ ಯಾಕೆ, ಒಳಗೆ ಬಂದು ಕುರ್ಚಿ ಮೇಲೆ ಕೂತ್ಕೊಳ್ಳಿ. ಅವಳಿದ್ದಾಗಲೂ ನೀವು ಹೀಗೇ. ಮಾರ್ಕೆಟ್ಟಲ್ಲಿ ಮೀನಿನ ಬುಟ್ಟಿ ಖಾಲಿ ಮಾಡಿ, ಮನೆಗೆ ಹೋಗಿ ತಲೆಗೆ ನೀರು ಹಾಕ್ಕೊಂಡು, ಸೀರೆ ಬದಲಾಯಿಸ್ಕೊಂಡು ಬಂದ್ರೂ ಒಳಗೆ ಕಾಲಿಡ್ತಿರ್ಲಿಲ್ಲ. ನಿಂಬೆ ಸಿಪ್ಪೆ ಉಜ್ಜಿ ಉಜ್ಜಿ ನಿಮ್ಮ ಬೆರಳ ತುದಿ ಬೆಳ್ಳಗಾಗಿರ್ತಿತ್ತು. ಅಕ್ಕ ಬಂದ್ರೆ ಯಾವ ಮೈಲಿಗೇನೂ ಇಲ್ಲ ಅಂತ ಅವಳು ಬಡ್ಕೊಳ್ತಿದ್ಲು. ನಾನು… ನಾನು ಸುಮ್ನಿರ್ತಿದ್ದೆ. ಬನ್ನಿ ಅಂತ ನನ್ನ ಬಾಯಲ್ಲಿ ಬಂದದ್ದು ಇವತ್ತೇ ಮೊದಲು, ಅಲ್ವಾ?

ಮನೆ ನೋಡ್ತಿದ್ದೀರಾ? ನೋಡೋಕೇನಿದೆ. ಬೆಳಿಗ್ಗೆ ಒಂದು ಲೋಟ ತೊಳೀತೀನಿ, ಸಾಯಂಕಾಲ ಅದೇ ಲೋಟ. ಕೆಲಸಕ್ಕೆ ಹೋಗುವಾಗ ರೇಡಿಯೋ ಹಾಕೇ ಬೀಗ ಹಾಕ್ತೀನಿ. ವಾಪಸ್ ಬಂದು ಕೀಲಿ ತಿರುಗಿಸುವಾಗ ಒಳಗಿಂದ ಯಾರದಾದ್ರೂ ದನಿ ಕೇಳ್ಲಿ ಅಂತ. ಲಿಫ್ಟ್ ರಿಪೇರಿ ನನ್ನ ಕೆಲಸ, ನಿಮಗೆ ಗೊತ್ತು. ಕೆಳಗೆ ಗುಂಡಿಯಲ್ಲಿ ನಿಂತು ಗ್ರೀಸ್ ಹಚ್ಚುವಾಗ ಒಂದೊಂದು ಮಹಡಿಯಿಂದ ಒಗ್ಗರಣೆ ವಾಸನೆ ಇಳಿದು ಬರುತ್ತೆ. ಬಡಿಸೋ ಸದ್ದು, ಊಟಕ್ಕೆ ಕರೆಯೋ ಸದ್ದು. ಮೊದಲು ಇದೆಲ್ಲ ಕಿವಿಗೆ ಬೀಳ್ತಿರ್ಲಿಲ್ಲ. ಈಗ ಕೈ ನಿಂತುಬಿಡುತ್ತೆ.

ಅದಿರ್ಲಿ. ಅವಳು ಮೀನು ಬಿಟ್ಟ ವಿಷಯ ಹೇಳ್ತಿದ್ದೆ. ಹತ್ತು ವರ್ಷದ ಹಿಂದೆ ನನ್ನ ಎದೆ ಸೀಳಿ ಆಪರೇಷನ್ ಮಾಡಿದ್ರಲ್ಲ, ನೀವೂ ಆ ಬೆಂಚಿನ ಮೇಲೆ ಅವಳ ಪಕ್ಕದಲ್ಲೇ ಕೂತಿದ್ರಿ. ಒಳಗೆ ನಾನು ಮೈಮೇಲೆ ಪ್ರಜ್ಞೆ ಇಲ್ದೆ ಬಿದ್ದಿದ್ದೆ, ಹೊರಗೆ ಅವಳು ದೇವರಿಗೆ ಮಾತು ಕೊಟ್ಲು. ಇವರನ್ನ ಉಳಿಸಿಕೊಡು, ಉಸಿರಿರೋವರೆಗೂ ಮೀನು ಮಾಂಸ ಮುಟ್ಟಲ್ಲ ಅಂತ. ಯಾರು? ಮಾತು ಬರೋಕೆ ಮೊದಲು ಮೀನಿನ ಮುಳ್ಳು ಬಿಡಿಸೋದು ಕಲಿತವಳು ಅಂತ ನೀವು ರೇಗಿಸ್ತಿದ್ರಲ್ಲ, ಅವಳು. ನಾನು ಮನೆಗೆ ಬರೋ ಹೊತ್ತಿಗೆ ಮೀನಿನ ಮಡಕೆ ನಿಮ್ಮ ಮನೆ ಸೇರಿತ್ತು, ಕತ್ತೀನೂ ಹೋಗಿತ್ತು. ಅವಳ ಜೊತೆ ನಾನೂ ಬಿಟ್ಟೆ.

ಯಾಕೆ ನಗ್ತೀರಿ?

ಬಿಟ್ಟೆ ಅಂದ್ರೆ… ಮನೇಲಿ ಬಿಟ್ಟೆ. ಗುಡಿಯಲ್ಲಿ ಪೂಜಾರಪ್ಪ ನಾಲ್ಕು ಜನರ ಎದುರಿಗೆ, ದಂಪತಿ ಅಂದ್ರೆ ಇವರು, ಹೆಂಡತಿ ಬಿಟ್ಲು ಅಂತ ಗಂಡನೂ ಬಿಟ್ಟ ಅಂದ್ರು. ನಾನು ತಲೆ ಬಗ್ಗಿಸಿ ನಿಂತೆ. ಜನ ಅದನ್ನ ವಿನಯ ಅಂದ್ಕೊಂಡ್ರು. ನಿಮಗೆ… ದಪ್ಪಣ್ಣ ಹೇಳಿದ್ನಾ? ನನ್ನ ಜೊತೆ ಕೆಲಸ ಮಾಡೋ ಆ ದಪ್ಪಣ್ಣ? ನಿಮ್ಮ ಹತ್ರಾನೇ ಮೀನು ತಗೊಳ್ತಾನಾ? ಪ್ರತಿ ಬುಧವಾರ, ಇಬ್ಬರಿಗೆ ಆಗೋಷ್ಟು… ಹೋಗ್ಲಿ. ಒಬ್ಬಂಟಿ ಮನುಷ್ಯ ಇಬ್ಬರ ಮೀನು ಯಾಕೆ ಕೊಳ್ತಾನೆ ಅಂತ ನಿಮಗೆ ಒಂಬತ್ತು ವರ್ಷದಿಂದ ಗೊತ್ತಿತ್ತು ಅನ್ನಿ.

ಹೌದು, ತಿಂತಿದ್ದೆ. ಅವನ ರೂಮಲ್ಲಿ ತಿಂದು, ಲವಂಗ ಜಗಿದು, ಎರಡು ಸಲ ಬಾಯಿ ಮುಕ್ಕಳಿಸಿ ಬರ್ತಿದ್ದೆ. ಅವಳು ಬಾಗಿಲು ತೆಗೆದು, ಬಿಸಿನೀರಿದೆ, ಸ್ನಾನ ಮಾಡಿ ಅನ್ನೋಳು. ದಿನಾ ನಾನು ಹಚ್ಚೋ ದೇವರ ದೀಪ ಆವತ್ತು ಮಾತ್ರ ತಾನೇ ಹಚ್ಚೋಳು. ಒಂದು ದಿನವೂ ಕೇಳಲಿಲ್ಲ. ಗೊತ್ತಿರ್ಲಿಲ್ಲ ಅಂತ ನಾನು ನಂಬಿದ್ದೆ. ನಂಬೋದು ಸುಲಭ ಅತ್ತಿಗೆ.

ಆಮೇಲೆ ಅವಳ ಹೊಟ್ಟೆಯಲ್ಲಿ ಗಡ್ಡೆ. ಕೊನೇ ತಿಂಗಳು ಆಸ್ಪತ್ರೆಯಲ್ಲಿ ಗಂಜಿ ಕೂಡ ನಿಲ್ತಿರ್ಲಿಲ್ಲ. ನೀವು ದಿನಾ ಫೋನ್ ಮಾಡ್ತಿದ್ರಿ, ಏನಾದ್ರೂ ಮಾಡ್ಕೊಂಡು ಬರ್ಲಾ, ಏನಾದ್ರೂ ಕೇಳ್ತಾಳಾ ಅಂತ. ಏನೂ ಬೇಡವಂತೆ ಅಂದೆ. ನಿಜವಾಗ್ಲೂ ಏನೂ ಕೇಳ್ತಿರ್ಲಿಲ್ಲ. ವಾಸನೆ ಬಂದ್ರೆ ಸಾಕು, ಮುಖ ಆಚೆ ತಿರುಗಿಸೋಳು…

ಯಾಕೆ ಹಾಗೆ ನೋಡ್ತೀರಿ?

ಏನಾದ್ರೂ ಅನ್ನಿ. ಬೈದ್ರೂ ಸರಿ.

…ಕೇಳಿದ್ಲು. ಒಂದು ಬೆಳಿಗ್ಗೆ, ನರ್ಸ್ ಬಂದು ಹಾಸಿಗೆ ಬಟ್ಟೆ ಬದಲಾಯಿಸಿ ಹೋದ ಮೇಲೆ. ಅಕ್ಕನಿಗೆ ಹೇಳಿ, ಒಂದಿಷ್ಟು ಮೀನು ಸಾರು ತರ್ಲಿ, ಮೀನು ಬೇಡ, ಬರೀ ಸಾರು, ಅನ್ನಕ್ಕೆ ಕಲಸಿ ಒಂದೇ ತುತ್ತು ಅಂದ್ಲು. ಕೇಳಿ ನಾಚ್ಕೊಂಡ್ಲು. ಚಿಕ್ಕ ಹುಡುಗಿ ಥರ ಹೊದಿಕೆ ಮೂಗಿನವರೆಗೂ ಎಳ್ಕೊಂಡ್ಲು. ಡಾಕ್ಟರ್ ಮೊದಲೇ ಹೇಳಿದ್ರು, ಕೇಳಿದ್ದು ಕೊಡಿ, ಇನ್ನು ಪಥ್ಯ ಅಂತ ಏನಿಲ್ಲ ಅಂತ. ನಾನು, ಹರಕೆ ಇದೆಯಲ್ಲೇ, ಪೂಜಾರಪ್ಪನ್ನ ಕೇಳ್ಕೊಂಡು ಬರ್ತೀನಿ ಇರು ಅಂದೆ. ಹೋಗಿ ಕೇಳಿದೆ. ಅವರು ಬೇಡ ಅಂದ್ರು. ಕೊಟ್ಟ ಮಾತು ಮುರೀಬಾರದು ಅಂದ್ರು. ಅದಕ್ಕೇ ನಾನು ನಿಮಗೆ…

…

ಇಲ್ಲ. ಹಾಗನ್ನಲಿಲ್ಲ.

ಅವರು ಗುಡಿ ಕಟ್ಟೆ ಮೇಲೆ ಹೂವಿನ ಬುಟ್ಟಿ ಇಟ್ಕೊಂಡು ಕೂತಿದ್ರು. ಇದನ್ನ ಕೇಳೋಕೆ ಇಲ್ಲೀವರೆಗೂ ಬಂದ್ಯಾ, ಸಾಯೋ ಜೀವ ಬಾಯಿಬಿಟ್ಟು ಕೇಳಿದೆ, ಮೊದಲು ಕೊಡು ಹೋಗು ಅಂದ್ರು. ದೇವರು ಅವಳ ಎಲೆ ಇಣುಕಿ ನೋಡೋಷ್ಟು ಸಣ್ಣವನಲ್ಲ, ನಿನಗೆ ಸಮಾಧಾನ ಆಗದಿದ್ರೆ ಅವಳ ಹೆಸರಲ್ಲಿ ಒಂದು ಹೂವು ಇಟ್ಟು ಹೋಗು, ಹರಕೆ ತೀರ್ತು ಅಂದ್ರು. ಹೂವೂ ಅವರೇ ಕೊಟ್ರು. ನಾನೇ ಇಟ್ಟೆ, ಈ ಕೈಯಿಂದ. ಇಟ್ಟು ಆಸ್ಪತ್ರೆಗೆ ವಾಪಸ್ ಹೋಗಿ, ಪೂಜಾರಪ್ಪ ಬೇಡ ಅಂದ್ರು ಅಂದೆ ಅವಳಿಗೆ.

ದೇವರ ಮೇಲಿನ ಭಕ್ತಿಗಲ್ಲ ಅತ್ತಿಗೆ. ಅವಳ ಮಾತು ಉಳೀಲಿ ಅಂತಲೂ ಅಲ್ಲ. ದಾರಿಯುದ್ದಕ್ಕೂ ನಿಮಗೆ ಫೋನ್ ಮಾಡ್ಬೇಕು ಅಂತಲೇ ಬಂದೆ. ಆಸ್ಪತ್ರೆ ಗೇಟಿನ ಹತ್ರ ಎದೆ ಒಂದು ಸಲ ಚುಳ್ ಅಂತು. ಅಷ್ಟೇ, ಒಂದೇ ಸಲ. ಹರಕೆ ಹೊತ್ತವಳು ಅವಳು, ಉಳಿದ ಜೀವ ನನ್ನದು. ಅವಳು ಆ ತುತ್ತು ತಿಂದ್ಲು ಅಂದ್ರೆ ಆ ಜೀವ ಯಾರು ಕಾಯ್ತಾರೆ? ಅವಳು ಹೇಗೂ ಹೋಗೋಳೇ. ನಾನು ಇರ್ಬೇಕಲ್ಲ… ಹಾಗಂತ ಅನ್ನಿಸ್ತು. ನಾನು ಬುಧವಾರ ಬುಧವಾರ ತಿಂದಾಗ ಬಾರದ ಭಯ, ಅವಳ ಒಂದು ತುತ್ತಿಗೆ ಬಂತು.

ಅವಳಿಗೆ ಹೇಳಿದ್ದು ಪೂಜಾರಪ್ಪ ಬೇಡ ಅಂದ್ರು ಅಂತ ಮಾತ್ರ. ಇನ್ನೊಂದಕ್ಷರ ಹೇಳಲಿಲ್ಲ. ಅವಳು ಬಹಳ ಹೊತ್ತು ನನ್ನ ಮುಖಾನೇ ನೋಡಿದ್ಲು, ಈಗ ನೀವು ನೋಡ್ತಿದ್ದೀರಲ್ಲ, ಹೀಗೇ. ಆಮೇಲೆ ನನ್ನ ಮಣಿಕಟ್ಟು ಹಿಡ್ಕೊಂಡು ಅಂದ್ಲು, "ಹೆದರ್ಬೇಡಿ. ನಾನು ತಿನ್ನಲ್ಲ."