ಮೊಣಕಾಲಿನ ಪ್ಯಾಡು

ಹೆಲ್ಮೆಟ್ಟಿನ ಗಾಜು ಬದಲಿಸಿಕೊಳ್ಳಲು ಅಂಗಡಿಯಲ್ಲಿ ಕಾದು ಕೂತಿದ್ದ ಅಂಚೆಯವನಿಗೆ ಪಕ್ಕದ ತಾಯಿ ಮಗಳ ಮಾತು ಬೇಡವೆಂದರೂ ಕಿವಿಗೆ ಬೀಳುತ್ತಿತ್ತು. ಮಗಳು ಬೈಕ್ ರೇಸಿನ ಚರ್ಮದ ಸೂಟು ತೊಟ್ಟು ಗೂನುಬೆನ್ನಿನವಳಂತೆ ನಿಂತಿದ್ದಳು.

“ನೆಟ್ಟಗೆ ನಿಲ್ಲೋಕೂ ಆಗ್ತಿಲ್ವಲ್ಲೇ!”

“ಇದು ನಿಲ್ಲೋಕಲ್ಲಮ್ಮ. ಬೈಕ್ ಮೇಲೆ ಬಗ್ಗಿ ಕೂತ್ರೆ ಹಾಯಾಗಿರುತ್ತೆ.”

“ಒಂದು ಸೈಜು ದೊಡ್ಡದು ತಗೋಬಾರ್ದಾ?”

“ಸಡಿಲ ಆದ್ರೆ ಬಿದ್ದಾಗ ಮೊಣಕಾಲಿನ ಪ್ಯಾಡು ಪಕ್ಕಕ್ಕೆ ಜಾರುತ್ತೆ.”

“ಬೀಳೋ ಲೆಕ್ಕ ಹಾಕ್ಕೊಂಡು ಯಾರಾದ್ರೂ ಬಟ್ಟೆ ತಗೋತಾರಾ?”

“ಇದನ್ನ ಎಲ್ಲರೂ ಹಾಗೇ ತಗೊಳ್ಳೋದು.”

ತಾಯಿ ಅಂಚೆಯವನತ್ತ ತಿರುಗಿದಳು. “ನೀವೂ ಗಾಡಿ ಓಡಿಸೋರು. ಬುದ್ಧಿ ಹೇಳಿ ಇವಳಿಗೆ.”

ಏನು ಹೇಳಿದರೆ ತಪ್ಪಾದೀತೋ ಎಂದು ಅವನು ಹೆಲ್ಮೆಟ್ಟಿನ ಪಟ್ಟಿ ಬಿಚ್ಚಿ ಮತ್ತೆ ಕಟ್ಟಿದ.

“ನಾನು ಬೇಡ ಅಂದ್ರೆ ಈ ರೇಸು ಬಿಡ್ತೀಯೇನೇ?”

“ಇಲ್ಲಮ್ಮ.”

“ಗೊತ್ತು. ಗೋಡೆಗೆ ಹೇಳಿದ್ರೂ ಒಂದೇ, ನಿನಗೆ ಹೇಳಿದ್ರೂ ಒಂದೇ.”

ತಾಯಿ ನೆಲದ ಮೇಲೆ ಕುಕ್ಕರಗಾಲಲ್ಲಿ ಕೂತು, ಮಗಳ ಮೊಣಕಾಲಿನ ಪ್ಯಾಡನ್ನು ಎರಡೂ ಕೈಯಲ್ಲಿ ಹಿಡಿದು ಬಲವಾಗಿ ತಿರುವಿದಳು. ಅದು ಒಂದು ಬೆರಳಿನಷ್ಟು ಜರುಗಿತು. ಅವಳು ಮತ್ತೆ ತಿರುವಿ ನೋಡಿದಳು.

“ಅಳ್ಳಾಡ್ತಿದೆ ಕಣೇ.”

“ಅಷ್ಟು ಪರವಾಗಿಲ್ಲಮ್ಮ.”

“ಏನು ಪರವಾಗಿಲ್ಲ? ನಡಿ, ಇದಕ್ಕಿಂತ ಬಿಗಿಯಾದ್ದು ಹಾಕ್ಕೋ,” ಎಂದು ತಾಯಿ ಮಗಳ ರಟ್ಟೆ ಹಿಡಿದುಕೊಂಡು ಒಳಕೋಣೆಗೆ ನಡೆದಳು.